ಒದ್ದೆ ಅದಿರು ಹೋಲ್ಡಿಗೆ ಬೀಳುವ ಮೊದಲು

ನಾನು ಬಲ್ಕ್ ಕ್ಯಾರಿಯರ್ ಹಡಗುಗಳಲ್ಲಿ ಚೀಫ್ ಆಫೀಸರ್. ಊರು ಕುಂದಾಪುರದ ಕಡೆ. ಕಲ್ಲಿದ್ದಲು, ಗೋಧಿ, ಗೊಬ್ಬರ, ಅದಿರು, ಹೀಗೆ ಚೀಲಕ್ಕೆ ತುಂಬದೆ ನೇರವಾಗಿ ಹೋಲ್ಡಿಗೆ (ಹಡಗಿನ ಹೊಟ್ಟೆಯ ಸರಕು ಕೋಣೆಗೆ) ಸುರಿಯುವ ಸರಕನ್ನು ಹತ್ತಿಸುವುದು, ಇಳಿಸುವುದು ನನ್ನ ಜವಾಬ್ದಾರಿ. ನಮ್ಮ ಕರಾವಳಿಯಿಂದ ಮರ್ಚೆಂಟ್ ನೇವಿಗೆ ಸೇರಿದ ಹುಡುಗರು ಆಗಾಗ ಫೋನ್ ಮಾಡುತ್ತಾರೆ. "ಅಣ್ಣ, ನಾಳೆ ಕಬ್ಬಿಣದ ಅದಿರಿನ ಫೈನ್ಸ್ ಲೋಡಿಂಗ್, ಏನೇನು ನೋಡಬೇಕು?" ಅಂತ. ಫೈನ್ಸ್ ಅಂದರೆ ಅದಿರಿನ ಸಣ್ಣ ಪುಡಿ. ಫೋನಿನಲ್ಲಿ ಅರ್ಧಂಬರ್ಧ ಹೇಳುವುದಕ್ಕಿಂತ ನಾನು ಮಾಡುವ ರೀತಿಯನ್ನು ಪೂರ್ತಿ ಬರೆದಿಡೋಣ ಅನಿಸಿತು. ಮಾಲೀಕರ ಆಫೀಸಿನಲ್ಲಿ ಕೂತವರೂ ಇದನ್ನು ಓದಲಿ. ಅರ್ಧ ಕೆಲಸ ಅವರದ್ದೇ.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಸರಕಿನ ವಿಷಯದಲ್ಲಿ ನಮ್ಮ ಕೈಯಲ್ಲಿ ಏನಾದರೂ ಇದ್ದರೆ ಅದು ಮೊದಲ ಗ್ರಾಬ್ (ಕ್ರೇನಿನ ಬಕೆಟ್) ಸರಕು ಬೀಳುವವರೆಗೆ ಮಾತ್ರ. ಒದ್ದೆ ಅದಿರು ಹೋಲ್ಡಿಗೆ ಬಿದ್ದ ಮೇಲೆ ಅದನ್ನು ಒಣಗಿಸುವ ದಾರಿ ಹಡಗಿನಲ್ಲಿ ಇಲ್ಲ. ಬಂದರಿನವರು ಅದನ್ನು ವಾಪಸ್ ಇಳಿಸಿಕೊಳ್ಳಲು ಸುಲಭಕ್ಕೆ ಒಪ್ಪುವುದಿಲ್ಲ. ಕಸ್ಟಮ್ಸ್ ಕಾಗದ, ಬರ್ತಿನ (ಹಡಗು ಕಟ್ಟುವ ಜಾಗದ) ಬಾಡಿಗೆ, ಲಾರಿ, ಜಾಗ, ಜಗಳ ಎಲ್ಲವೂ ಒಟ್ಟಿಗೆ ಎದ್ದು ನಿಲ್ಲುತ್ತವೆ, ಕೊನೆಗೆ ಎಲ್ಲರೂ ಸೇರಿ "ಹೇಗೂ ಲೋಡ್ ಆಯ್ತಲ್ಲ, ಹೊರಡಿ" ಅನ್ನುತ್ತಾರೆ. ಅದಕ್ಕೇ ಹೋಲ್ಡಿನ ಮುಚ್ಚಳ ತೆರೆಯುವ ಮೊದಲೇ ಹಟ ಹಿಡಿಯಬೇಕು.

ಅಪಾಯ ಏನು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಮಲ್ಪೆಯಲ್ಲೋ ಮರವಂತೆಯಲ್ಲೋ ಅಲೆ ಬಂದು ಹಿಂದೆ ಸರಿದ ಜಾಗದ ಮರಳು ಗಟ್ಟಿಯಾಗಿಯೇ ಕಾಣುತ್ತದೆ. ಒಂದೇ ಕಡೆ ನಿಂತು ತುಳಿಯುತ್ತಾ ಇರಿ. ಸ್ವಲ್ಪ ಹೊತ್ತಿಗೆ ನೀರು ಮೇಲೆ ಬರುತ್ತದೆ, ಮರಳು ಅಲುಗಾಡುತ್ತದೆ, ಕಾಲು ಇಳಿಯುತ್ತದೆ. ಹೋಲ್ಡಿನೊಳಗೆ ನಡೆಯುವುದೂ ಇದೇ. ಅದಿರಿನ ಸಣ್ಣ ಕಣಗಳ ನಡುವೆ ನೀರು ಮತ್ತು ಗಾಳಿ ಇರುತ್ತವೆ. ಎಂಜಿನ್ನಿನ ನಡುಕ ಮತ್ತು ಅಲೆಯ ಹೊಯ್ದಾಟಕ್ಕೆ ಕಣಗಳು ಒತ್ತಾಗುತ್ತಾ ಹೋಗುತ್ತವೆ, ಗಾಳಿ ಹೊರಗೆ ಹೋಗುತ್ತದೆ, ನೀರಿಗೆ ಜಾಗ ಸಾಲುವುದಿಲ್ಲ, ಅದರ ಒತ್ತಡ ಏರುತ್ತದೆ. ಒಂದು ಹಂತದಲ್ಲಿ ಕಣಕ್ಕೂ ಕಣಕ್ಕೂ ಇದ್ದ ಹಿಡಿತ ತಪ್ಪಿಹೋಗುತ್ತದೆ. ಅಲ್ಲಿಯವರೆಗೆ ಗುಡ್ಡೆಯಾಗಿ ನಿಂತಿದ್ದ ಸಾವಿರಾರು ಟನ್ ಅದಿರು ದಪ್ಪ ದ್ರವವಾಗಿ ಹರಿಯುತ್ತದೆ. ಹಡಗು ಒಂದು ಕಡೆ ವಾಲಿದಾಗ ಸರಕೂ ಆ ಕಡೆ ಹರಿಯುತ್ತದೆ, ಹಡಗು ವಾಪಸ್ ಬಂದಾಗ ಸರಕು ಪೂರ್ತಿ ವಾಪಸ್ ಬರುವುದಿಲ್ಲ. ಮುಂದಿನ ಹೊಯ್ದಾಟಕ್ಕೆ ಇನ್ನಷ್ಟು. ಅದಿರು ತುಂಬಾ ಭಾರ, ಹಾಗಾಗಿ ತೂಕದ ಲೆಕ್ಕದಲ್ಲಿ ಹಡಗು ತುಂಬಿದರೂ ಹೋಲ್ಡಿನಲ್ಲಿ ಬಹಳಷ್ಟು ಜಾಗ ಖಾಲಿ ಇರುತ್ತದೆ. ಹರಿಯಲು ಬೇಕಾದಷ್ಟು ಜಾಗ ಇದೆ ಅಂತ ಅರ್ಥ.

ಇದು ನಮ್ಮ ಮನೆ ಬಾಗಿಲಲ್ಲೇ ಆದ ವಿಷಯ. 2009ರ ಜುಲೈನಲ್ಲಿ, ಸುರಿಯುವ ಮಳೆಗಾಲದಲ್ಲಿ, ನವಮಂಗಳೂರು ಬಂದರಿನಿಂದ ಅದಿರಿನ ಫೈನ್ಸ್ ತುಂಬಿಕೊಂಡು ಚೀನಾಕ್ಕೆ ಹೊರಟ 'ಏಷಿಯನ್ ಫಾರೆಸ್ಟ್' ಮಂಗಳೂರಿನ ಎದುರಿನ ಸಮುದ್ರದಲ್ಲೇ ಮುಳುಗಿತು. ಜನ ಬದುಕಿದರು. ಅದೇ ಸೆಪ್ಟೆಂಬರಿನಲ್ಲಿ ಪಾರಾದೀಪದ ಹತ್ತಿರ 'ಬ್ಲ್ಯಾಕ್ ರೋಸ್', ಅದರಲ್ಲೂ ಅದೇ ಸರಕು. ಮಾರನೆಯ ವರ್ಷ, 2010ರ ಅಕ್ಟೋಬರಿನಿಂದ ಡಿಸೆಂಬರ್ ನಡುವೆ, ಇಂಡೋನೇಷ್ಯಾದ ನಿಕಲ್ ಅದಿರು ಹೊತ್ತ ಮೂರು ಹಡಗು ಒಂದರ ಹಿಂದೆ ಒಂದು ಹೋದವು, 44 ಜನ ಸತ್ತರು. 2017ರಲ್ಲಿ ಫಿಲಿಪ್ಪೀನ್ಸ್ ಬಳಿ ಮುಳುಗಿದ 'ಎಮರಾಲ್ಡ್ ಸ್ಟಾರ್' ಹಡಗಿನಲ್ಲಿ ಇದ್ದವರೆಲ್ಲ ಭಾರತೀಯರೇ, 26 ಜನ. 10 ಮಂದಿ ಮನೆಗೆ ಬರಲಿಲ್ಲ. ಅದರಲ್ಲಿ ಇದ್ದದ್ದೂ ನಿಕಲ್ ಅದಿರು. ಬಲ್ಕ್ ಹಡಗು ಮಾಲೀಕರ ಸಂಘವಾದ ಇಂಟರ್‌ಕಾರ್ಗೋ ಕೊಟ್ಟ ಲೆಕ್ಕದಲ್ಲಿ 2009ರಿಂದ 2018ರವರೆಗೆ ಬಲ್ಕ್ ಹಡಗು ಕಳೆದುಹೋಗಿ ಸತ್ತವರು 188 ಜನ. ಅವರಲ್ಲಿ 101 ಜನ ಸತ್ತದ್ದು ಸರಕು ದ್ರವವಾಗಿ. ಬೇರೆ ಯಾವ ಕಾರಣಕ್ಕೂ ಇಷ್ಟು ಜನ ಹೋಗಿಲ್ಲ.

ಈಗ ನಾನು ಏನು ಮಾಡುತ್ತೇನೆ ಅಂತ ಹೇಳುತ್ತೇನೆ. ಶುರುವಾಗುವುದು ಕಾಗದದಿಂದ. ಹಡಗು ಬಂದರಿಗೆ ಬರುವ ಮೊದಲೇ ಶಿಪ್ಪರ್‌ನ (ಸರಕು ಕಳಿಸುವವರ) ಡಿಕ್ಲರೇಶನ್, ಟಿಎಂಎಲ್ ಸರ್ಟಿಫಿಕೇಟ್, ತೇವಾಂಶದ ಸರ್ಟಿಫಿಕೇಟ್ ಮೂರೂ ಕೈಗೆ ಬರಬೇಕು ಅಂತ ಕ್ಯಾಪ್ಟನ್ ಕಡೆಯಿಂದ ಏಜೆಂಟ್‌ಗೆ ಮೇಲ್ ಹಾಕಿಸುತ್ತೇನೆ. ಟಿಎಂಎಲ್ ಅಂದರೆ ಈ ಸರಕಿನಲ್ಲಿ ಹೆಚ್ಚೆಂದರೆ ಎಷ್ಟು ನೀರಿದ್ದರೆ ಸಾಗಿಸಬಹುದು ಅನ್ನುವ ಗಡಿ. ನಿಜವಾದ ತೇವಾಂಶ ಅದಕ್ಕಿಂತ ಕಡಿಮೆ ಇರಬೇಕು, ಅಷ್ಟೇ ನಿಯಮ. ಇಂಥ ಸರಕು ಸಾಗಿಸುವ ಅಂತರರಾಷ್ಟ್ರೀಯ ನಿಯಮಗಳ ಪುಸ್ತಕವಾದ ಐಎಂಎಸ್‌ಬಿಸಿ ಕೋಡ್ 2011ರ ಜನವರಿ 1ರಿಂದ ಕಡ್ಡಾಯ. ಅದನ್ನು ಹಡಗಿನ ಆಫೀಸಿನಲ್ಲಿ ಧೂಳು ತಿನ್ನಲು ಬಿಡಬೇಡಿ.

ಕಾಗದ ಬಂದ ಮೇಲೆ ನಾನು ಮೊದಲು ನೋಡುವುದು ಸರಕಿನ ಹೆಸರು. ಕೋಡ್‌ನಲ್ಲಿ 'ಕಬ್ಬಿಣದ ಅದಿರು' ಬೇರೆ, 'ಕಬ್ಬಿಣದ ಅದಿರಿನ ಫೈನ್ಸ್' ಬೇರೆ. ಮೊದಲನೆಯದು ಗ್ರೂಪ್ ಸಿ, ಅಂದರೆ ದ್ರವವಾಗುವ ಭಯ ಇಲ್ಲದ್ದು. ಎರಡನೆಯದು ಗ್ರೂಪ್ ಎ, ದ್ರವವಾಗಬಹುದಾದದ್ದು. ಸರಕಿನಲ್ಲಿ 1 ಮಿಲಿಮೀಟರಿಗಿಂತ ಸಣ್ಣ ಕಣ ಶೇಕಡಾ 10 ಅಥವಾ ಅದಕ್ಕಿಂತ ಜಾಸ್ತಿ ಇದ್ದು, ಜೊತೆಗೆ 10 ಮಿಲಿಮೀಟರಿಗಿಂತ ಸಣ್ಣದು ಶೇಕಡಾ 50 ಅಥವಾ ಜಾಸ್ತಿ ಇದ್ದರೆ ಅದು ಫೈನ್ಸ್. ಗೋಥೈಟ್ ಅನ್ನುವ ಖನಿಜ ಶೇಕಡಾ 35 ಅಥವಾ ಮೇಲೆ ಇದ್ದರೆ ಮಾತ್ರ ವಿನಾಯಿತಿ. ಈ ಷೆಡ್ಯೂಲ್ 2017ರಿಂದ ಕಡ್ಡಾಯವಾಗಿದೆ. ಕಾಗದದಲ್ಲಿ ಗ್ರೂಪ್ ಸಿ ಅಂತ ಇದ್ದು ಯಾರ್ಡಿನಲ್ಲಿ ಕೆಂಪು ಪುಡಿ ಕಂಡರೆ ಕಣಗಳ ಗಾತ್ರದ ರಿಪೋರ್ಟ್ ಕೇಳುತ್ತೇನೆ. ಕೊಡುವವರೆಗೆ ಮುಂದಿನ ಮಾತಿಲ್ಲ. ಹೆಸರು ತಪ್ಪಾದರೆ ಏನಾಗುತ್ತದೆ ಅನ್ನುವುದಕ್ಕೆ 'ಬಲ್ಕ್ ಜ್ಯೂಪಿಟರ್' ಸಾಕು. ಮಲೇಷ್ಯಾದ ಕುವಾಂತಾನ್‌ನಲ್ಲಿ ಜೋರು ಮಳೆಯ ನಡುವೆ ಬಾಕ್ಸೈಟ್ ತುಂಬಿಕೊಂಡಿತ್ತು. ಅದು ಗ್ರೂಪ್ ಸಿ ಸರಕು ಅಂತ ಹೇಳಲಾಗಿತ್ತು. ಆ ಗುಂಪಿನ ಬಾಕ್ಸೈಟಿಗೆ ತೇವಾಂಶ ಶೇಕಡಾ 10ರವರೆಗೆ ಇರಬಹುದಿತ್ತು. ತನಿಖೆಯಲ್ಲಿ ಸಿಕ್ಕಿದ್ದು ಸರಾಸರಿ 21.3. 2015ರ ಜನವರಿ 2ರಂದು ವಿಯೆಟ್ನಾಂ ಕರಾವಳಿಯಲ್ಲಿ ಮಗುಚಿತು. 19 ಜನರಲ್ಲಿ ಬದುಕಿದ್ದು ಅಡುಗೆಯವರು ಒಬ್ಬರೇ.

ಆಮೇಲೆ ದಿನಾಂಕ. ಟಿಎಂಎಲ್ ಪರೀಕ್ಷೆ ಲೋಡಿಂಗ್‌ಗೆ ಆರು ತಿಂಗಳ ಒಳಗಿನದ್ದಾಗಿರಬೇಕು. ತೇವಾಂಶದ ಸ್ಯಾಂಪಲ್ ತೆಗೆದ ದಿನಕ್ಕೂ ಲೋಡಿಂಗ್‌ಗೂ ನಡುವೆ ಏಳು ದಿನಕ್ಕಿಂತ ಜಾಸ್ತಿ ಇರಬಾರದು. ಆ ಏಳು ದಿನದೊಳಗೇ ಗಣನೀಯ ಮಳೆ ಬಂದಿದ್ದರೆ ಮತ್ತೆ ಪರೀಕ್ಷೆ ಮಾಡಬೇಕು. ನಮ್ಮ ದೇಶದಲ್ಲಿ ಹೆಚ್ಚು ಜಗಳ ಆಗುವುದು ಈ ಮಾತಿಗೇ. ಬಳ್ಳಾರಿ, ಸಂಡೂರು, ಹೊಸಪೇಟೆ ಕಡೆಯ ಅದಿರು ಗಣಿ ಬಿಟ್ಟಾಗ ಒಣಗಿಯೇ ಇರಬಹುದು. ಅದು ವ್ಯಾಗನ್ ಹತ್ತಿ, ಲಾರಿ ಹತ್ತಿ, ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಕರಾವಳಿಯ ತೆರೆದ ಯಾರ್ಡಿನಲ್ಲಿ ರಾಶಿ ಬಿದ್ದರೆ ಗಣಿಯ ಹತ್ತಿರ ಮಾಡಿಸಿದ ಪರೀಕ್ಷೆಗೆ ಬೆಲೆ ಏನಿದೆ? ಗೋವಾದಲ್ಲಂತೂ ಮಾಂಡೋವಿ, ಜುವಾರಿ ನದಿಗಳಲ್ಲಿ ಬಾರ್ಜ್ ಮೇಲೆ ಅದಿರು ಬರುತ್ತದೆ. ಬಾರ್ಜ್ ಮೇಲೆ ಟಾರ್ಪಾಲಿನ್ ಇತ್ತಾ ಅಂತ ಕೇಳಲೇಬೇಕು.

ಕಾಗದದಲ್ಲಿ ಇನ್ನೊಂದು ಕಡೆ ಕಣ್ಣು ಇಡಿ. ಬೇರೆಬೇರೆ ಗಣಿಯ ಮೂರು ನಾಲ್ಕು ರಾಶಿ ಇರುತ್ತದೆ, ಸರ್ಟಿಫಿಕೇಟ್ ಮಾತ್ರ ಒಂದೇ, ಎಲ್ಲದರ ಸರಾಸರಿ. ಸರಾಸರಿಯಲ್ಲಿ ಒದ್ದೆ ರಾಶಿ ಅಡಗಿ ಕೂರುತ್ತದೆ. ಹಡಗು ಮುಳುಗಿಸಲು ಒಂದೆರಡು ಹೋಲ್ಡಿನ ಸರಕು ದ್ರವವಾದರೆ ಸಾಕು. ಆದ್ದರಿಂದ ನಾನು ಪ್ರತಿ ರಾಶಿಗೂ ಬೇರೆ ಅಂಕಿ ಕೇಳುತ್ತೇನೆ, ಯಾವ ರಾಶಿ ಯಾವ ಹೋಲ್ಡಿಗೆ ಅಂತ ಬರೆಸಿಕೊಳ್ಳುತ್ತೇನೆ.

ಇಷ್ಟಾದರೂ ಕಾಗದ ಕಾಗದವೇ. ಯಾರ್ಡಿಗೆ ಹೋಗಿ ನೋಡಲೇಬೇಕು. ಕೆಲವು ವರ್ಷದ ಹಿಂದೆ ಪೂರ್ವ ಕರಾವಳಿಯ ಒಂದು ಬಂದರಿನಲ್ಲಿ ಆದದ್ದನ್ನು ಹೇಳಿದರೆ ನಾನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅನ್ನುವುದು ತಿಳಿಯುತ್ತದೆ. ನಮ್ಮದು ಐದು ಹೋಲ್ಡಿನ ಸುಪ್ರಮ್ಯಾಕ್ಸ್ ಹಡಗು, ಮಳೆಗಾಲ ಮುಗಿಯುವ ಹೊತ್ತು. ಕಾಗದದಲ್ಲಿ ತೇವಾಂಶ ಶೇಕಡಾ 8.1, ಟಿಎಂಎಲ್ ಶೇಕಡಾ 9.2. ಓದಲು ಚೆನ್ನಾಗಿದೆ. ಸ್ಯಾಂಪಲ್ ತೆಗೆದ ತಾರೀಕೂ ಏಳು ದಿನದ ಒಳಗೇ ಇತ್ತು. ಆದರೆ ಆಂಕರೇಜ್‌ನಲ್ಲಿ ಕಾಯುತ್ತಿದ್ದಾಗ ರಾತ್ರಿ ಜೋರು ಮಳೆ ಬಂದದ್ದು ನಮ್ಮ ಡೆಕ್ ಲಾಗ್‌ನಲ್ಲೇ ದಾಖಲಾಗಿತ್ತು. ಏಜೆಂಟ್ "ಊರಲ್ಲಿ ಬರೀ ಹನಿ ಬಿತ್ತು ಸರ್" ಅಂದರು. ನಾನು ಕ್ಯಾಪ್ಟನ್ ಹತ್ತಿರ ಹೇಳಿ, ಡೆಕ್ ಕೆಲಸಗಾರರ ಮೇಸ್ತ್ರಿ ಬೋಸನ್‌ನ ಕರೆದುಕೊಂಡು ಯಾರ್ಡಿಗೆ ಹೋದೆ.

ಗುಡ್ಡೆಯ ಮೇಲ್ಮೈ ಬಿಸಿಲಿಗೆ ಒಣಗಿ ತಿಳಿ ಕೆಂಪಾಗಿತ್ತು. ದೂರದಿಂದ ನೋಡಿದರೆ ಏನೂ ದೋಷವಿಲ್ಲ. ಪೇಲೋಡರ್ ತೋಡಿದ ಕಡೆ ಹೋಗಿ ನೋಡಿದರೆ ಒಳಗಿನ ಪದರ ಕಪ್ಪಾಗಿ ಹೊಳೆಯುತ್ತಿತ್ತು. ಬುಡದ ಸುತ್ತ ಕೆಂಪು ನೀರು ನಿಂತಿತ್ತು, ಚಕ್ರದ ಗುರುತಿನಲ್ಲೂ ನೀರು. ಅರ್ಧ ರಾಶಿಗೆ ಟಾರ್ಪಾಲಿನ್ ಇಲ್ಲ. ಇದ್ದ ಟಾರ್ಪಾಲಿನ್ ಮೇಲೂ ನೀರು ಮಡುಗಟ್ಟಿತ್ತು. ಎಲ್ಲದರ ಫೋಟೋ ತೆಗೆದೆ, ಸಮಯ ಕಾಣುವ ಹಾಗೆ. ಸ್ಯಾಂಪಲ್ ತೆಗೆಯುವಾಗ ಮೇಲಿನ ಒಣ ಪುಡಿ ಗೋರಿಕೊಳ್ಳಬೇಡಿ. ಕನಿಷ್ಠ ಅರ್ಧ ಮೀಟರ್ ತೋಡಿ, ಒಳಗಿನದ್ದನ್ನು ತೆಗೆಯಿರಿ, ಬೇರೆಬೇರೆ ಎತ್ತರದಲ್ಲಿ, ಬೇರೆಬೇರೆ ಬದಿಯಲ್ಲಿ.

ಆಮೇಲೆ ಕ್ಯಾನ್ ಟೆಸ್ಟ್. ಅರ್ಧದಿಂದ ಒಂದು ಲೀಟರ್ ಹಿಡಿಸುವ ಗಟ್ಟಿ ಡಬ್ಬಿ ಬೇಕು. ಅರ್ಧ ಡಬ್ಬಿ ಅದಿರು ಹಾಕಿ. ಒಂದು ಕೈಯಲ್ಲಿ ಹಿಡಿದು, ಸುಮಾರು 20 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ಮೇಜಿನ ಮೇಲೆ ಜೋರಾಗಿ ಕುಟ್ಟಿ, ಒಂದೆರಡು ಸೆಕೆಂಡಿಗೆ ಒಂದು ಏಟಿನಂತೆ 25 ಸಲ. ಮೇಲೆ ನೀರು ಕಂಡರೆ, ಮೇಲ್ಮೈ ಅಲುಗಾಡಿದರೆ, ಸರಕು ತಗೊಳ್ಳುವ ಮೊದಲು ಲ್ಯಾಬ್ ಪರೀಕ್ಷೆ ಮತ್ತೆ ಆಗಲೇಬೇಕು. ಅವತ್ತು ಎರಡನೇ ರಾಶಿಯ ಡಬ್ಬಿಗಳಲ್ಲಿ ಇಪ್ಪತ್ತೈದು ಏಟು ಮುಗಿಯುವ ಮೊದಲೇ ಮೇಲ್ಮೈ ಮಟ್ಟಸವಾಗಿ ಕನ್ನಡಿಯ ಹಾಗೆ ಹೊಳೆಯಿತು. ಮೊದಲ ರಾಶಿಯದ್ದು ಪುಡಿಪುಡಿಯಾಗಿಯೇ ಉಳಿಯಿತು.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು, ಏಕೆಂದರೆ ಅನುಭವ ಇರುವವರೂ ಇದನ್ನು ತಪ್ಪು ತಿಳಿದಿರುತ್ತಾರೆ. ಕ್ಯಾನ್ ಟೆಸ್ಟ್‌ನಲ್ಲಿ ನೀರು ಬಂದರೆ ಬೇಡ ಅನ್ನಲು ಅದು ಸಾಕು. ನೀರು ಬರಲಿಲ್ಲ ಅಂದರೆ ಹೂಂ ಅನ್ನಲು ಅದು ಸಾಲದು. ತೇವಾಂಶ ಗಡಿ ದಾಟಿದ್ದರೂ ಡಬ್ಬಿಯಲ್ಲಿ ಏನೂ ಕಾಣದೆ ಇರಬಹುದು. ಶಿಪ್ಪರ್ ಕಡೆಯವರು "ಕ್ಯಾನ್ ಟೆಸ್ಟ್ ಪಾಸ್ ಆಯ್ತಲ್ಲ" ಅಂತ ಫೋಟೋ ತೋರಿಸಿದರೆ ಅದಕ್ಕೆ ಸಹಿ ಹಾಕಬೇಡಿ.

ಕ್ಯಾಪ್ಟನ್ ಆ ಸಂಜೆಯೇ ಲೆಟರ್ ಆಫ್ ಪ್ರೊಟೆಸ್ಟ್ (ಲಿಖಿತ ಆಕ್ಷೇಪಣೆ) ಕೊಟ್ಟರು. ಮಾಲೀಕರಿಗೂ ಹಡಗು ಮಾಲೀಕರ ವಿಮಾ ಸಂಘವಾದ ಪಿ ಅಂಡ್ ಐ ಕ್ಲಬ್ಬಿನ ಸ್ಥಳೀಯ ಪ್ರತಿನಿಧಿಗೂ ಫೋಟೋ ಸಮೇತ ಮೇಲ್ ಹೋಯಿತು. ಹ್ಯಾಚ್ (ಹೋಲ್ಡಿನ ಬಾಯಿ) ಮುಚ್ಚಿಯೇ ಇಟ್ಟೆವು. ಆಮೇಲೆ ಶುರುವಾಯಿತು ಒತ್ತಡ. ಶಿಪ್ಪರ್ ಕಡೆಯವರು ಬಂದು ಹಡಗಿನ ಆಫೀಸಿನಲ್ಲಿ ಕೂತರು. "ಹೋದ ವಾರ ಇದೇ ರಾಶಿಯಿಂದ ಒಂದು ಹಡಗು ತುಂಬಿಸಿಕೊಂಡು ಹೋಯಿತು, ಅವರಿಗಿಲ್ಲದ ತೊಂದರೆ ನಿಮಗೇನು?" ಅಂತ ಕೇಳಿದರು. ಈ ಪ್ರಶ್ನೆ ಎಲ್ಲ ಕಡೆ ಕೇಳುತ್ತಾರೆ, ಉತ್ತರ ಸಿದ್ಧ ಇಟ್ಟುಕೊಳ್ಳಿ. ಆ ಹಡಗು ಹೋದಾಗ ಮಳೆ ಬಂದಿರಲಿಲ್ಲ. ಅದಕ್ಕೆ ಸಿಕ್ಕ ಸಮುದ್ರ ಬೇರೆ, ನಮಗೆ ಸಿಗುವುದು ಬೇರೆ. ಅದು ಕ್ಷೇಮವಾಗಿ ತಲುಪಿತಾ ಅಂತ ನಮಗೂ ಗೊತ್ತಿಲ್ಲ, ಕೇಳುವವರಿಗೂ ಗೊತ್ತಿಲ್ಲ. ನಾನು ಇಷ್ಟೇ ಹೇಳಿದೆ: ನಮ್ಮ ಹಡಗಿನಲ್ಲಿ ಮೊದಲ ಸಲ ಸಮುದ್ರಕ್ಕೆ ಬಂದ ಇಬ್ಬರು ಕೆಡೆಟ್‌ಗಳಿದ್ದಾರೆ, ಎಂಜಿನ್ ರೂಮಿನ ತಳದಲ್ಲಿ ರಾತ್ರಿ ವಾಚ್ ಮಾಡುವ ಆಯ್ಲರ್ ಇದ್ದಾರೆ, ಹಡಗು ಮಗುಚಿದರೆ ಅಲ್ಲಿಂದ ಮೇಲೆ ಬರಲು ಅವರಿಗೆ ಸಮಯವೇ ಸಿಗುವುದಿಲ್ಲ. ದನಿ ಏರಿಸಬೇಕಾಗಿಲ್ಲ. ಹೇಳಿದ್ದನ್ನೇ ಮತ್ತೆ ಹೇಳುತ್ತಾ ಇರಬೇಕು.

ಮರುದಿನ ಕ್ಲಬ್ಬಿನ ಸರ್ವೇಯರ್ ಬಂದರು. ಎರಡೂ ರಾಶಿಯಿಂದ ಎಲ್ಲರ ಎದುರು ಸ್ಯಾಂಪಲ್ ತೆಗೆದು, ಗಾಳಿ ಆಡದ ಚೀಲದಲ್ಲಿ ಸೀಲ್ ಮಾಡಿ, ಶಿಪ್ಪರ್‌ಗೆ ಸಂಬಂಧ ಇಲ್ಲದ ಲ್ಯಾಬಿಗೆ ಕಳಿಸಿದರು. ಸೀಲ್ ಸರಿಯಿಲ್ಲದಿದ್ದರೆ ದಾರಿಯಲ್ಲೇ ತೇವ ಆರಿ ಅಂಕಿ ಕಡಿಮೆ ಬರುತ್ತದೆ, ಇದು ಸಣ್ಣ ವಿಷಯ ಅಲ್ಲ. ರಿಪೋರ್ಟ್‌ನಲ್ಲಿ ಮೊದಲ ರಾಶಿ ಗಡಿಯ ಒಳಗೇ ಇತ್ತು, ಎರಡನೆಯದು ಗಡಿ ದಾಟಿತ್ತು. ಮೊದಲ ರಾಶಿ ತುಂಬಿಕೊಂಡೆವು. ಎರಡನೆಯದನ್ನು ಬಿಟ್ಟೆವು. ಅದರ ಬದಲು ಬೇರೆ ಯಾರ್ಡಿನ ಮುಚ್ಚಿಟ್ಟ ಅದಿರು ಬಂತು, ಅದಕ್ಕೂ ಹೊಸ ಪರೀಕ್ಷೆ ಆಯಿತು. ಹಡಗು ತಡವಾಯಿತು, ದುಡ್ಡು ಹೋಯಿತು. ಹಾಗೆ ಹೋದ ದುಡ್ಡಿನ ಬಗ್ಗೆ ನನಗೆ ಚೂರೂ ಬೇಸರ ಇಲ್ಲ.

ಲೋಡಿಂಗ್ ನಡೆಯುವಾಗಲೂ ಬಿಡುವಿಲ್ಲ. ಒಬ್ಬ ಆಫೀಸರ್ ಹ್ಯಾಚ್ ಹತ್ತಿರವೇ ಇರಬೇಕು. ಗ್ರಾಬ್‌ನಿಂದ ನೀರು ತೊಟ್ಟಿಕ್ಕುತ್ತಿದೆಯಾ, ಬಿದ್ದ ಅದಿರು ಗುಡ್ಡೆಯಾಗಿ ನಿಲ್ಲುತ್ತಿದೆಯಾ ಚಪ್ಪಟೆಯಾಗಿ ಹರಡುತ್ತಿದೆಯಾ, ಹೋಲ್ಡಿನ ಗೋಡೆಗೆ ಕೆಸರು ಸಿಡಿದು ಅಂಟುತ್ತಿದೆಯಾ ಅಂತ ನೋಡುತ್ತಿರಬೇಕು. ಒಣ ಅದಿರು ಬಿದ್ದರೆ ಧೂಳು ಏಳುತ್ತದೆ, ಗೋಡೆಗೆ ಸಿಡಿಯುವುದಿಲ್ಲ. ಸಿಡಿದ ಗುರುತು ಕಂಡರೆ ಆಗಲೇ ನಿಲ್ಲಿಸುವುದು. ಮಳೆ ಮೋಡ ಕಂಡ ಕೂಡಲೇ ಕೆಲಸ ಮಾಡದ ಹೋಲ್ಡುಗಳ ಮುಚ್ಚಳ ಹಾಕಿಸುತ್ತೇನೆ, ಮಳೆ ಶುರುವಾದರೆ ಎಲ್ಲವನ್ನೂ. ಸರಕು ತುಂಬಿಸುವ ಸ್ಟಿವಿಡೋರ್ ಎಷ್ಟು ಕೂಗಿದರೂ ಸರಿ. ಹೋಲ್ಡಿನ ತಳದಲ್ಲಿ ನೀರು ಸೇರುವ ಬಿಲ್ಜ್ ಬಾವಿಗಳನ್ನು ಲೋಡಿಂಗ್‌ಗೆ ಮೊದಲೇ ಒಣಗಿಸಿ, ಪಂಪ್ ಓಡಿಸಿ ನೋಡಿ, ಮೇಲೆ ಗೋಣಿ ಬಟ್ಟೆ ಕಟ್ಟಿರಬೇಕು. ಕೊನೆಗೆ ಟ್ರಿಮ್ಮಿಂಗ್, ಅಂದರೆ ಗುಡ್ಡೆ ಸಮ ಮಾಡುವುದು. ಅದು ಸರಕು ಜಾರುವುದನ್ನು ತಡೆಯುತ್ತದೆ, ದ್ರವವಾಗುವುದನ್ನು ತಡೆಯುವುದಿಲ್ಲ. ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಹೊರಟ ಮೇಲೆ ಪ್ರತಿದಿನ ಬಿಲ್ಜ್ ಸೌಂಡಿಂಗ್ (ಅಲ್ಲಿನ ನೀರಿನ ಮಟ್ಟ) ತೆಗೆದು ಅಂಕಿ ಬರೆಯುತ್ತೇನೆ. ಹವೆ ಚೆನ್ನಾಗಿದ್ದರೆ ಮೇಲಿನಿಂದಲೇ ಟಾರ್ಚ್ ಹಾಕಿ ಸರಕಿನ ಮೇಲ್ಮೈ ನೋಡುತ್ತೇನೆ. ಒಳಗೆ ಇಳಿಯುವುದು ಬೇಡ, ಮುಚ್ಚಿದ ಹೋಲ್ಡಿನ ಗಾಳಿಯನ್ನು ನಂಬುವ ಹಾಗಿಲ್ಲ. ಹೊಯ್ದಾಟದ ರೀತಿ ಬದಲಾದರೆ, ಸಣ್ಣ ವಾಲು ಬಂದು ಅಲ್ಲೇ ನಿಂತರೆ, ಬೆಳಗಾಗಲಿ ಅಂತ ಕಾಯಬಾರದು. ಕ್ಯಾಪ್ಟನ್‌ನ ಎಬ್ಬಿಸಿ. ವೇಗ ಇಳಿಸಿ, ಹೊಯ್ದಾಟ ಕಡಿಮೆ ಆಗುವ ದಿಕ್ಕಿಗೆ ತಿರುಗಿಸಿ, ಹತ್ತಿರದ ಆಸರೆಯ ಕಡೆ ಹೋಗಿ, ಎಲ್ಲರನ್ನೂ ಲೈಫ್‌ಜಾಕೆಟ್ ಹಾಕಿಸಿ ಮಸ್ಟರ್ ಮಾಡಿಸಿ (ಒಂದೆಡೆ ಸೇರಿಸಿ). ವಾಲು ಸರಿಮಾಡಲು ಎತ್ತರದ ಬದಿಗೆ ಸುಮ್ನೆ ಬ್ಯಾಲಾಸ್ಟ್ ನೀರು ತುಂಬಲು ಹೋಗಬೇಡಿ. ದ್ರವವಾದ ಸರಕು ಒಮ್ಮೆಲೇ ಆ ಕಡೆ ಹರಿದು ಹಡಗು ಇನ್ನೂ ಜೋರಾಗಿ ಆ ಬದಿಗೆ ಬೀಳಬಹುದು. ಡಿಸ್ಟ್ರೆಸ್ ಕರೆ ಬೇಗ ಹೋಗಲಿ. ವಾಲು ಶುರುವಾಗಿ ಮಗುಚುವವರೆಗೆ ಸಿಗುವ ಸಮಯ ಕೆಲವೊಮ್ಮೆ ನಿಮಿಷಗಳಲ್ಲಿ ಇರುತ್ತದೆ.

ಮಾಲೀಕರ ಆಫೀಸಿನವರಿಗೆ ಈಗ. ನಾವು ಬರ್ತಿನಲ್ಲಿ ನಿಂತು ಬೇಡ ಅನ್ನಬೇಕಾದರೆ ನೀವು ಚಾರ್ಟರ್ ಪಾರ್ಟಿ (ಹಡಗು ಬಾಡಿಗೆಯ ಕರಾರು) ಮಾಡುವಾಗಲೇ ಅದಕ್ಕೆ ಜಾಗ ಇಟ್ಟಿರಬೇಕು. ದ್ರವವಾಗುವ ಸರಕಿಗೆಂದೇ ಹಡಗು ಉದ್ಯಮದ ಸಂಘವಾದ ಬಿಮ್ಕೋ 2012ರಲ್ಲಿ ಒಂದು ಕ್ಲಾಜ್ (ಕರಾರಿನ ಷರತ್ತು) ಮಾಡಿಕೊಟ್ಟಿದೆ. ಅದನ್ನು ಹಾಕಿಸಿ. ನಮ್ಮ ಕಡೆಯ ಸರ್ವೇಯರ್ ಸ್ಯಾಂಪಲ್ ತೆಗೆಯಬಹುದು, ಕ್ಯಾಪ್ಟನ್ ಸರಕು ನಿರಾಕರಿಸಬಹುದು, ತಡವಾದರೆ ಖರ್ಚು ಚಾರ್ಟರರ್‌ದು ಅಂತ ಬರೆದಿರಲಿ. ಹಡಗಿನ ಬಾಡಿಗೆ ಫಿಕ್ಸ್ ಆದ ದಿನವೇ ಕ್ಲಬ್ಬಿಗೆ ತಿಳಿಸಿ. ಹಡಗು ಬರ್ತಿಗೆ ಬಂದ ಮೇಲೆ ಸರ್ವೇಯರ್ ಹುಡುಕಲು ಹೋದರೆ ಒಳ್ಳೆಯವರು ಸಿಗುವುದಿಲ್ಲ, ಸಿಕ್ಕಿದವರು ಯಾರ ಮನುಷ್ಯ ಅಂತ ಗೊತ್ತಾಗುವುದಿಲ್ಲ. ಕೋಡ್ ಮೀರಿ ತುಂಬಿದ ಸರಕಿಗೆ ಕ್ಲಬ್ಬಿನ ವಿಮೆ ಕೈಕೊಡಬಹುದು ಅನ್ನುವುದೂ ನಿಮಗೆ ಗೊತ್ತಿರುವ ವಿಷಯವೇ. ಅದಕ್ಕಿಂತ ಮುಖ್ಯ, ರಾತ್ರಿ ಎರಡು ಗಂಟೆಗೆ ಕ್ಯಾಪ್ಟನ್ ಫೋನ್ ಮಾಡಿ ಲೋಡಿಂಗ್ ನಿಲ್ಲಿಸಿದ್ದೇನೆ ಅಂದಾಗ ನಿಮ್ಮ ಬಾಯಿಂದ ಬರುವ ಮೊದಲ ಮಾತು ಏನು ಅಂತ ಯೋಚಿಸಿ ಇಟ್ಟುಕೊಳ್ಳಿ. ಅವತ್ತು ನಮ್ಮ ಸೂಪರಿಂಟೆಂಡೆಂಟ್ "ನಿಲ್ಲಿಸಿದ್ದು ಸರಿ, ಮುಂದಿನದ್ದು ನಾವು ನೋಡಿಕೊಳ್ಳುತ್ತೇವೆ" ಅಂದರು. ಆ ಮಾತು ಇಲ್ಲದಿದ್ದರೆ ಹಡಗಿನ ಆಫೀಸಿನಲ್ಲಿ ಅಷ್ಟು ಜನರ ಎದುರು ಗಟ್ಟಿಯಾಗಿ ಕೂರುವುದು ಕಷ್ಟ ಅಲ್ವಾ?

ಫೋನ್ ಮಾಡುವ ಹುಡುಗರಿಗೆ ಕೊನೆಯದಾಗಿ: ಹೊಸ ಹಡಗಿಗೆ ಸೇರಿದ ವಾರದಲ್ಲೇ ಒಂದು ಪೆಟ್ಟಿಗೆ ಮಾಡಿಡಿ. ಒಂದೇ ಅಳತೆಯ ಎರಡು ಡಬ್ಬಿ, ಸಣ್ಣ ಸಲಿಕೆ, ಜಿಪ್ ಚೀಲ, ಸೀಲ್, ಮಾರ್ಕರ್, ಟಾರ್ಚ್. ಕ್ಲಬ್ಬಿನ ಪ್ರತಿನಿಧಿಗಳ ಪಟ್ಟಿಯಲ್ಲಿ ಮುಂದಿನ ಬಂದರಿನ ನಂಬರ್ ಹುಡುಕಿ ಮುಚ್ಚಳದ ಒಳಗೆ ಅಂಟಿಸಿ. ಕಂಪನಿಯ ಡಿಪಿಎ (ಹಡಗಿನ ಸುರಕ್ಷತೆಗೆಂದು ಆಫೀಸಿನಲ್ಲಿ ನೇಮಿಸಿದ ಅಧಿಕಾರಿ) ನಂಬರ್ ಕೂಡ ಅಲ್ಲೇ ಇರಲಿ. ಸರಕು ಸರಿಯಿಲ್ಲ ಅಂತ ನಿಮಗೆ ಅನಿಸಿದರೆ ಕೆಡೆಟ್ ಆಗಿದ್ದರೂ ಚೀಫ್ ಆಫೀಸರ್‌ಗೆ ಹೇಳಿ. ಅವರು ಕೇಳದಿದ್ದರೆ ಕ್ಯಾಪ್ಟನ್‌ಗೆ ಹೇಳಿ, ಅಲ್ಲೂ ಆಗದಿದ್ದರೆ ಡಿಪಿಎಗೆ ಫೋನ್ ಮಾಡಿ.